ಲೀಡ್ ಶೀಟ್ ನೋಡಿ ಸಭೆಯ ಹಾಡು ನುಡಿಸುವಾಗ ಎಡಗೈ ಏನು ಮಾಡಬೇಕು?

ಬಂಗಾರಪೇಟೆ ಕೀಬೋರ್ಡ್:

ಎಲ್ಲರಿಗೂ ನಮಸ್ಕಾರ. ನಾನು ಬಂಗಾರಪೇಟೆಯವಳು. ಕೋಲಾರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಎಂಟು ತಿಂಗಳಿಂದ ನಮ್ಮ ಚರ್ಚ್ ಸಭೆಯ ಭಾನುವಾರದ ಕನ್ನಡ ಆರಾಧನೆಗೆ ಕೀಬೋರ್ಡ್ ನುಡಿಸುತ್ತಿದ್ದೇನೆ. ಅಷ್ಟು ವರ್ಷ ಆ ಜಾಗದಲ್ಲಿ ಕೂತಿದ್ದ ಅಂಕಲ್ ಬೆಂಗಳೂರಿಗೆ, ಮಗಳ ಮನೆಗೆ ಹೋದರು. ಕ್ವಾಯರಿನಲ್ಲಿ ನೋಟೇಶನ್ ಓದಲು ಬರುವವಳು ನಾನೊಬ್ಬಳೇ. ಅದಕ್ಕೇ ಅಯ್ಯನವರು, ಅಂದರೆ ನಮ್ಮ ಪಾದ್ರಿ, ನನ್ನನ್ನು ಕೂರಿಸಿದರು.

ಚಿಕ್ಕವಳಿದ್ದಾಗ ಟ್ರಿನಿಟಿ ಮೂರನೇ ಗ್ರೇಡ್‌ವರೆಗೆ ಪಿಯಾನೋ ಕಲಿತಿದ್ದೆ. ಎರಡೂ ಕೈಗೆ ಬರೆದಿದ್ದರೆ ನಿಧಾನವಾಗಿಯಾದರೂ ನುಡಿಸುತ್ತೇನೆ. ಆದರೆ ನಮಗೆ ಸಿಗುವುದು ಲೀಡ್ ಶೀಟ್. ಒಂದೇ ಸಾಲು ಟ್ಯೂನ್, ಕೆಳಗೆ ಸಾಹಿತ್ಯ, ಮೇಲೆ ಜಿ, ಸಿ, ಡಿ ಸೆವೆನ್ ಅಂತ ಅಕ್ಷರ. ಅಷ್ಟೇ. ಬಲಗೈಗೆ ಟ್ಯೂನ್ ಇದೆ, ಎಡಗೈಗೆ ಏನೂ ಇಲ್ಲ. ನಾನು ಎಡಗೈಯಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿಕೊಂಡು ಹೋಗುತ್ತೇನೆ. ಕೇಳಿದರೆ ಬಾಗಿಲು ಬಡಿದ ಹಾಗಿರುತ್ತೆ.

ಅಂಕಲ್ ಪುಸ್ತಕ ನನ್ನ ಹತ್ತಿರ ಇದೆ. ಅದರಲ್ಲಿ ನೋಟೇಶನ್ನೇ ಇಲ್ಲ. ಹಾಡಿನ ನಂಬರ್ ಪಕ್ಕ ಪೆನ್ಸಿಲಿನಲ್ಲಿ ‘5 ಮನೆ’, ‘4 ಮನೆ’ ಅಂತ ಬರೆದಿದೆ, ಅಷ್ಟೇ. ಆದರೆ ಅವರು ನುಡಿಸಿದರೆ ಒಂದೇ ಹಾಡಿನ ನಾಲ್ಕು ಚರಣ ನಾಲ್ಕು ಥರ ಇರುತ್ತಿತ್ತು.

ಹೋದ ತಿಂಗಳು ಕರ್ತನ ಭೋಜನದ ದಿನ ಒಂದು ಘಟನೆ ಆಯಿತು. ಯೂಟ್ಯೂಬ್ ನೋಡಿ ಎಡಗೈಯಲ್ಲಿ ಸ್ವರ ಬಿಡಿಸಿ ಬಿಡಿಸಿ ನುಡಿಸುವುದನ್ನು ಕಲಿತಿದ್ದೆ. ಮೊದಲ ಎರಡು ಸಾಲು ಚೆನ್ನಾಗಿಯೇ ಹೋಯಿತು. ಮೂರನೇ ಸಾಲಿಗೆ ಜನ ಒಂದು ಕಡೆ, ನಾನು ಒಂದು ಕಡೆ. ಮುಂದಿನ ಬೆಂಚಿನ ಅಜ್ಜಿ ಹಾಡುವುದನ್ನೇ ನಿಲ್ಲಿಸಿ ನನ್ನ ಮುಖ ನೋಡಿದರು. ಕೊನೆಗೆ ಅಯ್ಯನವರು ಕೈ ಎತ್ತಿದರು, ಉಳಿದ ಚರಣವನ್ನು ಎಲ್ಲರೂ ವಾದ್ಯ ಇಲ್ಲದೆ ಹಾಡಿದರು. ಮನೆಗೆ ಬಂದು ತುಂಬ ಅತ್ತೆ.

ದಿನಕ್ಕೆ ಅರ್ಧ ಗಂಟೆ ಸಿಗುತ್ತೆ, ರಾತ್ರಿ ಊಟ ಆದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. 61 ಕೀ ಇರುವ ಯಮಹಾ. ಆ ಅರ್ಧ ಗಂಟೆಯಲ್ಲಿ ಏನು ಅಭ್ಯಾಸ ಮಾಡಲಿ? ದಯವಿಟ್ಟು ಹೇಳಿ.

ಕೆಜಿಎಫ್ ಗಿಟಾರ್:

ಸಿಸ್ಟರ್, ಬೇಜಾರಾಗಬೇಡಿ. ನನಗೆ ಗೊತ್ತಿರುವುದು ಒಂದೇ ವಿಷಯ, ಅದನ್ನು ಹೇಳ್ತೀನಿ.

ನಮ್ಮ ತಾತ ಚಾಂಪಿಯನ್ ರೀಫ್ಸ್ ಗಣಿಯಲ್ಲಿದ್ದರು. ಚರ್ಚಿನಲ್ಲಿ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿಯ ಸಾಲು, ಹಾಡುತ್ತಿದ್ದರು. ಮನೆಯಲ್ಲಿ ಸ್ನಾನ ಮಾಡುವಾಗಲೂ ಶೂ ಒರೆಸುವಾಗಲೂ ಬೇಸ್ ಸಾಲನ್ನೇ ಗುನುಗುತ್ತಿದ್ದರು. ಹಾಗಾಗಿ ಎಷ್ಟೋ ಹಾಡಿನ ಬೇಸ್ ನನಗೆ ಮೊದಲು ಗೊತ್ತು, ಟ್ಯೂನ್ ಆಮೇಲೆ ಗೊತ್ತಾಯಿತು. ಗಣಿ 2001ರಲ್ಲಿ ಮುಚ್ಚಿತು, ತಾತನೂ ಈಗಿಲ್ಲ. ಆದರೆ ಗಿಟಾರ್ ಹಿಡಿದರೆ ಇವತ್ತಿಗೂ ಅವರ ದನಿ ಮೊದಲು ಬರುತ್ತೆ.

ಒಂದು ವಾರ ಕಾರ್ಡ್, ಅಂದರೆ ಆ ಮೂರು ಸ್ವರ ಒಟ್ಟಿಗೆ ಒತ್ತುವುದನ್ನು, ಬಿಟ್ಟುಬಿಡಿ. ಎಡಗೈಯಲ್ಲಿ ಒಂದೇ ಬೆರಳು. ಕಾರ್ಡಿನ ಹೆಸರು ಏನಿದೆಯೋ ಆ ಒಂದೇ ಸ್ವರ. ಅದನ್ನು ಬಾಯಲ್ಲಿ ಹಾಡುತ್ತಾ ನುಡಿಸಿ. ಬಾಯಲ್ಲಿ ಹಾಡಲು ಬಂದರೆ ಕೈ ತಪ್ಪುವುದಿಲ್ಲ.

ತುಮಕೂರು ಹಾರ್ಮೋನಿಯಂ:

ನೋಡಮ್ಮಾ, ಮೊದಲು ಒಂದು ಮಾತು. ಅವತ್ತು ನಿನ್ನ ಸ್ವರ ತಪ್ಪಿರಲಿಕ್ಕಿಲ್ಲ. ಜನಕ್ಕೆ ಉಸಿರು ತೆಗೆದುಕೊಳ್ಳುವ ಜಾಗ ಸಿಗಲಿಲ್ಲ, ಅಷ್ಟೇ. ನಾನು ನಲವತ್ತು ವರ್ಷದಿಂದ ಸಭೆಯಲ್ಲಿ ನುಡಿಸುತ್ತಿದ್ದೇನೆ, ನನಗೂ ಹೀಗೆ ಆಗಿದೆ.

ನನಗೆ ಕಲಿಸಿದವರು ಗುಬ್ಬಿ ಕಡೆಯ ಒಬ್ಬ ಮೇಷ್ಟ್ರು. ಕ್ರೈಸ್ತರಲ್ಲ, ನಾಟಕದ ಲೆಗ್ ಹಾರ್ಮೋನಿಯಂ ನುಡಿಸುತ್ತಿದ್ದವರು. ಗುಬ್ಬಿ ಕಂಪನಿ 1884ರಲ್ಲಿ ಶುರುವಾದ ಊರು ಅದು, ಅಲ್ಲಿ ಹಾರ್ಮೋನಿಯಂ ಗೊತ್ತಿರುವವರಿಗೆ ಕೊರತೆ ಇರಲಿಲ್ಲ. ಅವರು ಮೊದಲ ದಿನ ಹೇಳಿದ್ದು ಇಷ್ಟೇ: ನಟ ಬಾಯಿ ತೆರೆಯುವ ಮುಂಚೆ ಉಸಿರು ಎಳೆಯುತ್ತಾನೆ, ನೀನು ಅವನ ಎದೆ ನೋಡು, ಕೀ ನೋಡಬೇಡ. ನಾನು ಸಭೆಯಲ್ಲಿ ಇವತ್ತಿಗೂ ಮುಂದಿನ ಬೆಂಚಿನವರ ಭುಜ ನೋಡುತ್ತೇನೆ. ಭುಜ ಏಳುತ್ತೆ, ಆಗ ನನ್ನ ಕೈಯೂ ಏಳುತ್ತೆ. ಎರಡೂ ಒಟ್ಟಿಗೆ ಇಳಿಯುತ್ತೆ.

ಅದಕ್ಕೆ ನಿನ್ನ ಅರ್ಧ ಗಂಟೆಯ ಮೊದಲ ಐದು ನಿಮಿಷ ಕೀಬೋರ್ಡ್ ಆಫ್ ಮಾಡು. ಹಾಡನ್ನು ಬಾಯಲ್ಲಿ ಹಾಡು. ಎಲ್ಲಿ ಉಸಿರು ಬೇಕಾಯಿತೋ ಅಲ್ಲಿ ಶೀಟಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕು. ಕನ್ನಡದ ಸಾಹಿತ್ಯ ಹಾಡಬೇಕು, ಇಂಗ್ಲಿಷಿನದಲ್ಲ. ಇದು ಬಹಳ ಮುಖ್ಯ. ನಮಗೆ ಸಿಗುವ ಲೀಡ್ ಶೀಟೆಲ್ಲ ಇಂಗ್ಲಿಷ್ ಹಾಡಿನದು, ಸಭೆ ಹಾಡುವುದು ಕನ್ನಡ. ಅಲ್ಲಿ ಒಂದೇ ಅಕ್ಷರಕ್ಕೆ ಮುಗಿಯುವ ಮಾತು ನಮ್ಮಲ್ಲಿ ‘ಕೃಪೆಯು’ ಅಂತ ಮೂರು ಅಕ್ಷರ ಆಗುತ್ತೆ. ಒಂದು ಸ್ವರ ಎರಡಾಗಿ ಒಡೆಯುತ್ತೆ, ಉಸಿರಿನ ಜಾಗ ಸರಿಯುತ್ತೆ. ಇಂಗ್ಲಿಷ್ ಹಾಡು ಬಹಳಷ್ಟು ತಾಳಕ್ಕೆ ಮುಂಚೆಯೇ ಒಂದು ಹಗುರ ಅಕ್ಷರದಿಂದ ಎತ್ತಿಕೊಳ್ಳುತ್ತೆ. ನಮ್ಮ ಪದಕ್ಕೆ ಮೊದಲ ಅಕ್ಷರವೇ ಗಟ್ಟಿ. ಆ ಹಗುರ ಅಕ್ಷರದ ಮೇಲೆ ನೀನು ಎಡಗೈ ಹಾಕಿದರೆ ಇಡೀ ಸಾಲು ವಾಲುತ್ತೆ. ಅಲ್ಲಿ ಬಲಗೈ ಮಾತ್ರ. ತಾಳ ಬಿದ್ದಾಗ ಎಡಗೈ.

ಈಗ ಎಡಗೈಗೆ ಬರೋಣ. ಕೆಜಿಎಫ್ ತಮ್ಮ ಹೇಳಿದ್ದು ಸರಿ, ಒಂದು ಬೆರಳಿನಿಂದ ಶುರು ಮಾಡು. ಆದರೆ ಎ, ಬಿ, ಸಿ ಅಂತ ಓದಬೇಡ, ಸ್ವರದಲ್ಲಿ ಓದು. ಹಾಡು ಜಿ ಮೇಜರಿನಲ್ಲಿದ್ದರೆ ಜಿ ನಿನಗೆ ಸ. ಸಿ ಬಂದರೆ ಮ, ಡಿ ಬಂದರೆ ಪ, ಇ ಮೈನರ್ ಬಂದರೆ ದ. ಶೀಟಿನ ಮೇಲೆ ಹಾಗೇ ಬರೆದುಕೋ. ನಿಮ್ಮ ಅಂಕಲ್ ಪುಸ್ತಕದ ‘5 ಮನೆ’ ಅಂದರೆ ಇದೇ ಶ್ರುತಿ, ಜಿ. ‘4 ಮನೆ’ ಅಂದರೆ ಎಫ್. ಅವರಿಗೆ ನೋಟೇಶನ್ ಬೇಕಿರಲಿಲ್ಲ. ಯಾವ ಹಾಡಿಗೆ ಯಾವ ಮನೆ ಅಂತ ಗೊತ್ತಾದರೆ ಸ, ಮ, ಪ, ದ ಎಲ್ಲಿದೆ ಅಂತ ಕೈಗೆ ಗೊತ್ತಿತ್ತು.

ಒಂದು ಹಾಡು ಹಿಡಿದು ಹೇಳುತ್ತೇನೆ. ‘ಅಮೇಜಿಂಗ್ ಗ್ರೇಸ್’ ಎಲ್ಲರಿಗೂ ಗೊತ್ತು. ಮೂರು ಎಣಿಕೆಯ ತಾಳ. ಶೀಟಿನಲ್ಲಿ ಮೊದಲ ಸಾಲಿಗೆ ಹೀಗಿರುತ್ತೆ: ಜಿ, ಜಿ, ಸಿ, ಜಿ. ನೀನು ಬೇಸಿನಲ್ಲಿ ಸ, ಸ, ಮ, ಸ ನುಡಿಸುತ್ತೀಯಾ. ತಪ್ಪಿಲ್ಲ. ಈಗ ಎರಡನೆಯದನ್ನು ಮಾತ್ರ ಬದಲಾಯಿಸು: ಸ, ಗ, ಮ, ಸ. ಕಾರ್ಡ್ ಜಿ ಯೇ, ಆದರೆ ಕೆಳಗಿನ ಸ್ವರ ಬಿ. ನುಡಿಸಿ ನೋಡು. ಮೊದಲು ನಿಂತಲ್ಲೇ ನಿಂತಿದ್ದ ಸಾಲು ಈಗ ಮೆಟ್ಟಿಲು ಹತ್ತಿ ಸಿ ಗೆ ಹೋಗುತ್ತೆ. ಒಂದೇ ಸ್ವರ! ನನಗೆ ಇದು ಹೊಳೆದ ದಿನ ರಾತ್ರಿ ಹನ್ನೊಂದರವರೆಗೆ ಅದೊಂದನ್ನೇ ನುಡಿಸುತ್ತಾ ಕೂತಿದ್ದೆ.

ಎರಡನೇ ಸಾಲು ಜಿ, ಇ ಮೈನರ್, ಆಮೇಲೆ ಡಿ. ಇ ಮೈನರ್ ಇರುವ ಅಂಕಣದ, ಅಂದರೆ ಆ ಒಂದು ಸುತ್ತು ತಾಳದ, ಮೂರನೇ ಎಣಿಕೆಗೆ ಟ್ಯೂನ್ ಎ ಮೇಲೆ ಬರುತ್ತೆ. ಅಲ್ಲಿ ಎ ಸೆವೆನ್ ಹಾಕು. ಅದರೊಳಗೆ ಸಿ ಶಾರ್ಪ್ ಇದೆ, ನಮ್ಮ ಲೆಕ್ಕದಲ್ಲಿ ಪ್ರತಿ ಮಧ್ಯಮ, ಮ ಗಿಂತ ಅರ್ಧ ಮನೆ ಮೇಲಿನದು. ಪ್ರತಿ ಮಧ್ಯಮ ಕೇಳಿದ ಕೂಡಲೇ ಕಿವಿ ಪ ಬೇಕು ಅನ್ನುತ್ತೆ. ಡಿ ಬಂದಾಗ ಆ ಪ ಸಿಗುತ್ತೆ. ಇದನ್ನು ಪ್ರತಿ ಚರಣಕ್ಕೂ ಹಾಕಬೇಡ. ಕೊನೆಯ ಚರಣಕ್ಕೆ ಉಳಿಸಿಕೋ.

ಬಡಿದ ಹಾಗಿರುತ್ತೆ ಅಂದೆಯಲ್ಲ, ಅದಕ್ಕೆ ಕಾರಣ ಇದೆ. ಕೆಳಗಿನ ಸ್ವರಗಳನ್ನು ಹತ್ತಿರ ಹತ್ತಿರ ಒತ್ತಿದರೆ ಮಣ್ಣು ಕಲಸಿದ ಹಾಗೆ ಕೇಳುತ್ತೆ. ನಿನ್ನ 61 ಕೀಯಲ್ಲಿ ಎಡದಿಂದ ಮೂರನೇ ಸಿ ಅಂದರೆ ನಡುವಿನ ಸಿ. ಎರಡನೇ ಸಿ ಗಿಂತ ಕೆಳಗೆ ಒಂದು ಸ್ವರ, ಇಲ್ಲವೇ ಕಾರ್ಡಿನ ಹೆಸರಿನ ಸ್ವರವನ್ನೇ ಸ ಅಂತ ಇಟ್ಟುಕೊಂಡು ಅದರ ಸ ಮತ್ತು ಪ. ಮೂರನೆಯದು ಬೇಡ. ಕಾರ್ಡಿನ ಉಳಿದ ಸ್ವರ ಬಲಗೈಗೆ ಕೊಡು. ಟ್ಯೂನ್ ಕಿರುಬೆರಳಲ್ಲಿ ಮೇಲೆ ಇರಲಿ, ಅದರ ಕೆಳಗೆ ಕಾರ್ಡಿನ ಎರಡು ಸ್ವರ ನೇತು ಹಾಕು. ಟ್ಯೂನ್ ಜಿ ಮೇಲಿದ್ದು ಕಾರ್ಡ್ ಜಿ ಆದರೆ ಕೆಳಗೆ ಬಿ, ಡಿ. ಟ್ಯೂನ್ ಅದೇ ಜಿ, ಕಾರ್ಡ್ ಸಿ ಆದರೆ ಕೆಳಗೆ ಸಿ, ಇ. ನೋಡು, ಒಂದೊಂದು ಬೆರಳು ಒಂದೊಂದು ಹೆಜ್ಜೆ ಸರಿದರೆ ಸಾಕು, ಇಡೀ ಕೈ ಹಾರಬೇಕಾಗಿಲ್ಲ.

ನಾಲ್ಕು ಚರಣ ನಾಲ್ಕು ಥರ ಇರುತ್ತಿತ್ತು ಅಂದೆಯಲ್ಲ. ಪ್ರತಿ ಸಲ ಒಂದೇ ಒಂದನ್ನು ಬದಲಾಯಿಸಬೇಕು. ಮೊದಲ ಚರಣ ಶೀಟಿನಲ್ಲಿ ಇದ್ದ ಹಾಗೆ, ಜನಕ್ಕೆ ದಾರಿ ಗೊತ್ತಾಗಲಿ. ಎರಡನೆಯದಕ್ಕೆ ಬೇಸ್ ಮೆಟ್ಟಿಲು. ಮೂರನೆಯದಕ್ಕೆ ಟ್ಯೂನ್ ಬಿಟ್ಟುಬಿಡು, ಬರೀ ಕಾರ್ಡ್ ಹಿಡಿದುಕೋ. ಆ ಹೊತ್ತಿಗೆ ಜನಕ್ಕೆ ಟ್ಯೂನ್ ಬಾಯಿಗೆ ಬಂದಿರುತ್ತೆ, ನೀನು ಹೇಳಿಕೊಡಬೇಕಾಗಿಲ್ಲ. ಒಂದು ಸಾಲು ಪೂರ್ತಿ ಕೈ ಎತ್ತಿಬಿಟ್ಟರೂ ನಡೆಯುತ್ತೆ. ಅವರ ದನಿ ಅವರಿಗೇ ಕೇಳಿಸಿದಾಗ ಸಭೆ ಹಾಡುವ ರೀತಿಯೇ ಬೇರೆ. ಕೊನೆಯದಕ್ಕೆ ಎಲ್ಲವನ್ನೂ ತುಂಬಿಸಿ ನುಡಿಸು.

ಕೈಗೆ ಆಸೆ ಆದರೆ ಕಾಣಿಕೆ ಎತ್ತುವ ಹೊತ್ತಿದೆ. ಯಾರೂ ಹಾಡುತ್ತಿರುವುದಿಲ್ಲ, ಮೂರು ನಾಲ್ಕು ನಿಮಿಷ ಸಿಗುತ್ತೆ. ಸ್ವರ ಬಿಡಿಸಿ ನುಡಿಸುವುದನ್ನು ಅಲ್ಲಿ ಮಾಡು, ಧಾರಾಳವಾಗಿ ಮಾಡು.

ಬಂಗಾರಪೇಟೆ ಕೀಬೋರ್ಡ್:

ಅಂಕಲ್, ಕೆಜಿಎಫ್ ಬ್ರದರ್, ಇಬ್ಬರಿಗೂ ತುಂಬ ಥ್ಯಾಂಕ್ಸ್. ಹತ್ತು ದಿನ ಆಯಿತು, ಹೇಳಿದ ಹಾಗೇ ಮಾಡುತ್ತಿದ್ದೇನೆ. ಸ, ಗ, ಮ, ಸ ನುಡಿಸಿದಾಗ ಹೆಡ್‌ಫೋನ್ ತೆಗೆದು ನಮ್ಮಮ್ಮನ ಕಿವಿಗೆ ಇಟ್ಟೆ. ‘ಇದು ನಿಮ್ಮ ಹಳೇ ಅಂಕಲ್ ನುಡಿಸುತ್ತಿದ್ದ ಹಾಗೇ ಇದೆ ಅಲ್ವಾ’ ಅಂದರು.

ಎರಡು ಅನುಮಾನ. ಶೀಟಿನಲ್ಲಿ ಇರುವ ಶ್ರುತಿ ನಮ್ಮವರಿಗೆ ಜಾಸ್ತಿ ಆಗುತ್ತೆ. ಬೆಳಿಗ್ಗೆ ಎಂಟು ಗಂಟೆಯ ಆರಾಧನೆ, ಗಂಟಲು ಬಿಟ್ಟಿರುವುದಿಲ್ಲ. ಶ್ರುತಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಬಹುದಾ? ಇನ್ನೊಂದು, ಪುಸ್ತಕದಲ್ಲಿ ಅರ್ಧದಷ್ಟು ಹಾಡು ಇಂಗ್ಲಿಷ್ ಟ್ಯೂನ್ ಅಲ್ಲ, ನಮ್ಮ ರಾಗದ ಕೀರ್ತನೆಗಳು. ಅವಕ್ಕೆ ಲೀಡ್ ಶೀಟೇ ಇಲ್ಲ. ಕಾರ್ಡ್ ಹುಡುಕಿ ಹಾಕಿದರೆ ಯಾಕೋ ರುಚಿ ಕೆಡುತ್ತೆ.

ಚಿಂತಾಮಣಿ ಪಿಟೀಲು:

ಅಕ್ಕ, ನಾನು ಚರ್ಚಿಗೆ ಹೋಗುವವಳಲ್ಲ, ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದೇನೆ. ಆದರೆ ಎರಡನೇ ಪ್ರಶ್ನೆಗೆ ಉತ್ತರ ಗೊತ್ತು ಅನ್ನಿಸಿತು.

ರಾಗದಲ್ಲಿ ಇಲ್ಲದ ಸ್ವರವನ್ನು ಕಾರ್ಡ್ ಒಳಗೆ ತಂದುಬಿಡುತ್ತೆ. ರುಚಿ ಕೆಡುವುದು ಅಲ್ಲೇ. ಮೋಹನ ರಾಗ ತಗೊಳ್ಳಿ. ಸ ರಿ ಗ ಪ ದ, ಮ ಮತ್ತು ನಿ ಇಲ್ಲ. ಸಿ ಯನ್ನು ಸ ಅಂತ ಇಟ್ಟುಕೊಂಡರೆ ಎಫ್ ಕಾರ್ಡಿನಲ್ಲಿ ಮ ಇದೆ, ಜಿ ಕಾರ್ಡಿನಲ್ಲಿ ನಿ ಇದೆ. ಎರಡೂ ಹೊರಗಿನವು. ರಾಗದ ಸ್ವರದಲ್ಲೇ ಆಗುವ ಕಾರ್ಡ್ ಎರಡೇ: ಸ ಗ ಪ, ಅಂದರೆ ಸಿ ಮೇಜರ್. ದ ಸ ಗ, ಅಂದರೆ ಎ ಮೈನರ್. ಮೋಹನದ ಕೀರ್ತನೆಯನ್ನು ಆ ಎರಡರಲ್ಲೇ ನುಡಿಸಿ ನೋಡಿ.

ಮಾಯಾಮಾಳವಗೌಳದಲ್ಲಿ ಇನ್ನೂ ಚೆನ್ನಾಗಿದೆ. ಸ ಗ ಪ ಒಂದು ಮೇಜರ್ ಕಾರ್ಡ್. ಪಕ್ಕದ ಅರ್ಧ ಮನೆಯಿಂದ ರಿ ಮ ದ ಸೇರಿಸಿದರೆ ಅದೂ ಮೇಜರ್ ಕಾರ್ಡ್. ಸಿ ಮತ್ತು ಡಿ ಫ್ಲಾಟ್. ಎರಡೂ ಪೂರ್ತಿ ರಾಗದ ಒಳಗೇ ಇವೆ. ಶಂಕರಾಭರಣ ಆದರೆ ಚಿಂತೆಯೇ ಇಲ್ಲ, ಅದು ನಿಮ್ಮ ಮೇಜರ್ ಸ್ಕೇಲೇ.

ಗಮಕ, ಅಂದರೆ ಸ್ವರವನ್ನು ತೂಗಿ ಎಳೆಯುವುದು, ಜಾಸ್ತಿ ಇರುವ ಹಾಡಿಗೆ ಕಾರ್ಡೇ ಬೇಡ. ಎಡಗೈಯಲ್ಲಿ ಸ, ಪ ಹಿಡಿದು ತಂಬೂರಿ ಹಾಗೆ ಬಿಡಿ. ಕೀ ಮೇಲೆ ಗಮಕ ಬರುವುದಿಲ್ಲ. ಅದನ್ನು ಹಾಡುವವರ ಗಂಟಲಿಗೇ ಬಿಡಿ. ನೀವು ಉದ್ದನೆಯ ಸ್ವರ ಮಾತ್ರ ಹಿಡಿಯಿರಿ.

ಒಂದು ಮಾತು, ಹಾರ್ಮೋನಿಯಂ ಅಂಕಲ್ ಹೇಳಿದ ಹಾಡಿದೆಯಲ್ಲ, ಅದರ ಟ್ಯೂನೂ ಪೂರ್ತಿ ಮೋಹನದ ಸ್ವರಗಳೇ. ನಾನು ಪಿಟೀಲಿನಲ್ಲಿ ನುಡಿಸಿ ನೋಡಿದೆ. ಆದರೆ ಅದಕ್ಕೆ ಮ, ನಿ ಇರುವ ಕಾರ್ಡ್ ಹಾಕಿದರೂ ಕೆಡುವುದಿಲ್ಲ. ಆ ಕಾರ್ಡುಗಳ ಜೊತೆಗೇ ಕೇಳಿ ಕೇಳಿ ನಮ್ಮ ಕಿವಿ ಅದಕ್ಕೆ ಒಗ್ಗಿಬಿಟ್ಟಿದೆ ಅಂತ ಕಾಣುತ್ತೆ.

ತುಮಕೂರು ಹಾರ್ಮೋನಿಯಂ:

ಚಿಂತಾಮಣಿ ಮಗಳು ಹೇಳಿದ್ದನ್ನು ನಾನು ಬರೆದಿಟ್ಟುಕೊಂಡೆ. ಮಾಯಾಮಾಳವಗೌಳದ ಎರಡು ಕಾರ್ಡ್ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಇವತ್ತೇ ನುಡಿಸಿದೆ. ಅದ್ಭುತವಾಗಿದೆಯಮ್ಮಾ.

‘ಅಮೇಜಿಂಗ್ ಗ್ರೇಸ್’ ಬಗ್ಗೆ ಇನ್ನೊಂದು ಸಂಗತಿ. ಸಾಹಿತ್ಯ ಅಚ್ಚಾಗಿದ್ದು 1779ರಲ್ಲಿ, ಅಮೆರಿಕದಲ್ಲಿ ಈಗಿನ ಟ್ಯೂನ್ ಜೊತೆ ಸೇರಿದ್ದು 1835ರಲ್ಲಿ. ಸೇರಿಸಲು ಆಗಿದ್ದು ಸಾಲಿನ ಅಳತೆಯಿಂದ. 8, 6, 8, 6 ಅಕ್ಷರ. ಅದೇ ಅಳತೆಯ ಸಾಹಿತ್ಯವನ್ನು ಅದೇ ಅಳತೆಯ ಯಾವ ಟ್ಯೂನಿಗೆ ಬೇಕಾದರೂ ಹಾಡಬಹುದು. ಜನಕ್ಕೆ ಟ್ಯೂನ್ ಗೊತ್ತಿಲ್ಲದ ಹಾಡನ್ನು ಅಯ್ಯನವರು ಕೊಟ್ಟರೆ ಅಳತೆ ನೋಡು. ಗೊತ್ತಿರುವ ಟ್ಯೂನ್ ಕೂರುತ್ತಾ ಅಂತ ಶನಿವಾರವೇ ಅವರಿಗೆ ಹೇಳು.

ಶ್ರುತಿ ಬಗ್ಗೆ. ಬಟನ್ ಒತ್ತು, ತಪ್ಪೇನಿಲ್ಲ. ಆರಾಧನೆ ಹಾಳಾಗುವುದಕ್ಕಿಂತ ಬಟನ್ ವಾಸಿ. ಆದರೆ ಮುಂದಿನ ಹಾಡಿಗೆ ಸೊನ್ನೆಗೆ ತರುವುದನ್ನು ಮರೆಯಬೇಡ. ಮನೆಯಲ್ಲಿ ಮಾತ್ರ ಬಟನ್ ಮುಟ್ಟಬೇಡ. ವಾರಕ್ಕೆ ಒಂದು ಹಾಡು, ಅದನ್ನು 5 ಮನೆ, 4 ಮನೆ, 2 ಮನೆಯಲ್ಲಿ ನುಡಿಸು. ಶೀಟಿನಲ್ಲಿ ಸ, ಮ, ಪ, ದ ಅಂತ ಬರೆದುಕೊಂಡಿದ್ದೀಯಲ್ಲ, ಅದು ಬದಲಾಗುವುದಿಲ್ಲ. ಎಷ್ಟು ಇಳಿಸಬೇಕು ಅಂದರೆ, ಟ್ಯೂನಿನ ಅತಿ ಮೇಲಿನ ಸ್ವರ ಯಾವುದು ನೋಡು. ಅದು ನಡುವಿನ ಸಿ ಯ ಮೇಲಿನ ಸಿ ದಾಟಿ ಒಂದು ಡಿ ವರೆಗೆ ಬಂದರೆ ಬೆಳಿಗ್ಗೆ ಎಂಟಕ್ಕೂ ಜನ ಹಾಡುತ್ತಾರೆ. ಇ ಗೆ ಹೋದರೆ ಗಂಡಸರೆಲ್ಲ ಬಾಯಿ ಮುಚ್ಚುತ್ತಾರೆ.

ಶುರುವಿಗೆ ಹಾಡಿನ ಕೊನೆಯ ಸಾಲನ್ನು ನುಡಿಸು, ಯಾವ ವೇಗದಲ್ಲಿ ಹಾಡಬೇಕೋ ಅದೇ ವೇಗದಲ್ಲಿ. ಹಾಡು ಎಳೆಯುತ್ತಾ ಹೋದರೆ ಅವರಿಗಾಗಿ ಕಾಯಬೇಡ. ಹಿಂದಿನ ಬೆಂಚಿನ ದನಿ ನಿನಗೆ ತಡವಾಗಿಯೇ ಕೇಳಿಸುತ್ತೆ. ನೀನು ಕಾದರೆ ಅವರೂ ಕಾಯುತ್ತಾರೆ. ಸಾಲಿನ ನಡುವೆ ತಾಳ ಬಿಡಬೇಡ, ಸಾಲಿನ ಕೊನೆಯಲ್ಲಿ ಉಸಿರು ಕೊಡು.

ಬಂಗಾರಪೇಟೆ ಕೀಬೋರ್ಡ್:

ಮೂವರಿಗೂ ತಿಳಿಸಬೇಕು ಅನ್ನಿಸಿತು. ನಿನ್ನೆ ಮತ್ತೆ ಕರ್ತನ ಭೋಜನ ಇತ್ತು. ಅವತ್ತು ನಿಂತುಹೋದ ಹಾಡನ್ನೇ ಅಯ್ಯನವರು ಕೊಟ್ಟರು, ಬೇಕಂತಲೇ ಕೊಟ್ಟರೋ ಗೊತ್ತಿಲ್ಲ. ಕೈ ನಡುಗುತ್ತಿತ್ತು. ಜಿ ಯಿಂದ ಎಫ್‌ಗೆ ಇಳಿಸಿ, ಬಟನ್ ಒತ್ತದೆ ನುಡಿಸಿದೆ. ಮೊದಲ ಚರಣ ಸುಮ್ನೆ ಇದ್ದ ಹಾಗೆ. ಎರಡನೆಯದಕ್ಕೆ ಬೇಸ್ ಮೆಟ್ಟಿಲು ಹತ್ತಿಸಿದೆ. ಮೂರನೆಯದಕ್ಕೆ ಟ್ಯೂನ್ ಬಿಟ್ಟು ಕಾರ್ಡ್ ಹಿಡಿದುಕೊಂಡೆ. ಮೂರನೇ ಸಾಲು ಬಂತು. ಶೀಟ್ ನೋಡಲಿಲ್ಲ, ಮುಂದಿನ ಬೆಂಚಿನ ಅಜ್ಜಿಯ ಭುಜ ನೋಡಿದೆ. ಭುಜ ಎದ್ದಿತು, ಕೈ ಎತ್ತಿದೆ. ಆ ಒಂದು ಸಾಲು ನಾನು ಏನೂ ನುಡಿಸಲಿಲ್ಲ. ಎಲ್ಲರ ದನಿ ಕೇಳಿಸಿತು. ಗಂಡಸರ ಕಡೆಯಿಂದ ಯಾರೋ ಕೆಳಗಿನ ದನಿಯಲ್ಲಿ ಬೇಸ್ ಹಾಡುತ್ತಿದ್ದರು. ನಮ್ಮ ಸಭೆಯಲ್ಲಿ ಬೇಸ್ ಹಾಡುವವರು ಇದ್ದಾರೆ ಅಂತಲೇ ಇಷ್ಟು ದಿನ ನನಗೆ ಗೊತ್ತಿರಲಿಲ್ಲ.

ಎ ಸೆವೆನ್ ಜಾಗದ ಕಾರ್ಡ್ ಎಫ್ ಶ್ರುತಿಯಲ್ಲಿ ಜಿ ಸೆವೆನ್ ಆಗುತ್ತೆ ಅಂತ ಸ್ವರದ ಲೆಕ್ಕದಿಂದಲೇ ಕಂಡುಹಿಡಿದೆ. ಈ ಹಾಡೂ ಅದೇ ಥರ ಪ ಗೆ ಹೋಗುತ್ತೆ. ಕೊನೆಯ ಚರಣಕ್ಕೆ ಹಾಕಿದೆ.

ಸಂಜೆ ಬೆಂಗಳೂರಿಗೆ ಅಂಕಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ‘ಎಷ್ಟು ಮನೆಗೆ ಹಾಕಿದೆ?’ ಅಂದರು. ನಾಲ್ಕು ಅಂದೆ. ‘ಪುಸ್ತಕದಲ್ಲಿ ಐದು ಅಂತ ಇದೆಯಲ್ಲ, ಅದನ್ನು ಹೊಡೆದು ನಾಲ್ಕು ಅಂತ ಬರಿ’ ಅಂದರು. ಪೆನ್ಸಿಲ್ ತಗೊಂಡು ಬರೆದೆ.